ಮಂಗಳವಾರ, ಶುಕ್ರವಾರ ಮಾತ್ರ

ಮಾನ್ಯರೇ,
ದುದ್ದದ ವಾಸಿ ಪಾಲಾಕ್ಷ ಬಿನ್ ಲೇಟ್ ಹೊಂಬಯ್ಯ ಆದ ನಾನು,
ಇಪ್ಪತ್ತೆರಡು ವರ್ಷ ಗೂಡ್ಸ್ ಟೆಂಪೊ ಓಡಿಸಿದವನು,
ಈಗ ಆರು ತಿಂಗಳು ಓಡಿಸಕೂಡದವನು,
ತಮ್ಮಲ್ಲಿ ಬೇಡಿಕೊಳ್ಳುವುದೇನೆಂದರೆ

ಅಲ್ಲಿಗೆ ಮಾತು ನಿಂತಿತು.
ಆರ್‌ಟಿಓ ಆಫೀಸಿನೆದುರು ಝೆರಾಕ್ಸ್ ಅಂಗಡಿ,
ಕೀಲಿಮಣೆಯ ಮೇಲೆ ಬೆರಳಿಟ್ಟುಕೊಂಡೇ ಆ ಹುಡುಗಿ
'ಎಲ್ಲಿಂದ ಎಲ್ಲಿಗೆ? ಯಾವ ಹೊತ್ತು? ಯಾಕೆ?' ಎಂದಳು.
ಇಷ್ಟು ವರ್ಷ ಯಾರೂ ಕೇಳಿರಲಿಲ್ಲ.
ಟ್ಯಾಂಕಿನಲ್ಲಿ ಡೀಸೆಲ್ ಇದ್ದಷ್ಟು ದೂರ
ರಸ್ತೆಯೆಲ್ಲ ನನ್ನದೇ ಎಂದುಕೊಂಡಿದ್ದೆ.

ಬರಿ ತಾಯಿ:
ದುದ್ದದಿಂದ ಹಾಸನದ ದೊಡ್ಡಾಸ್ಪತ್ರೆ, ಅಷ್ಟೇ.
ಎಂಟಕ್ಕೆ ಹೊರಟು ಎರಡರೊಳಗೆ ವಾಪಸ್ಸು.
ಮೂವತ್ತು ದಾಟುವುದಿಲ್ಲ ಮುಳ್ಳು.
ಟೀ ಕುಡಿಯಲೂ ನಿಲ್ಲಿಸುವುದಿಲ್ಲ.
ಫೋನು ಮನೆಯಲ್ಲೇ, ಅಕ್ಕಿ ಡಬ್ಬದೊಳಗೆ.

'ಲೋಡು?'
ಒಬ್ಬರು ಹೆಂಗಸು.
'ನಿಮಗೆ ಏನಾಗಬೇಕು?'

ಏನಾಗಬೇಕು ಜವರಮ್ಮ ನನಗೆ?
ಆವತ್ತು ಹಿಂದೆ ನಲವತ್ತು ಮೂಟೆ ಆಲೂಗಡ್ಡೆ,
ಕಿವಿಗೂ ಭುಜಕ್ಕೂ ನಡುವೆ ಮಂಡಿಯವನ ದನಿ.
ಸಾವಿರದಿನ್ನೂರು ಎಂದದ್ದು ಕೇಳಿಸಿತು,
ಸೊಪ್ಪಿನ ಮಂಕರಿ ಹೊತ್ತು ದಾಟುತ್ತಿದ್ದವಳು ಕಾಣಿಸಲಿಲ್ಲ.
ದಂಟು, ಕೀರೆ, ಸಬ್ಬಸಿಗೆ ಟಾರಿನ ಮೇಲೆ ಹರಡಿ...
ಎಷ್ಟು ತೊಳೆದರೂ ಮುಂದಿನ ಚಕ್ರಕ್ಕೆ
ಎಂಟು ದಿನ ಸಬ್ಬಸಿಗೆ ವಾಸನೆ.
ಈಗ ಊಟದಲ್ಲಿ ಅದು ಬಂದರೆ
ಹೆಂಡತಿ ನನ್ನ ತಟ್ಟೆಯನ್ನೇ ಬದಲಿಸುತ್ತಾಳೆ.

ಕಾಲಿಗೆ ರಾಡು ಹಾಕಿದ ಮೇಲೆ ಡಾಕ್ಟರು
ವಾರಕ್ಕೆರಡು ಸಲ ಕಸರತ್ತಿಗೆ ಬರಹೇಳಿದರು.
ಬೇರೆ ಡ್ರೈವರನ್ನು ಗೊತ್ತು ಮಾಡುತ್ತೇನೆ ಅಂದೆ.
ಜಗಲಿಯ ಮೇಲೆ ಕಾಲು ಚಾಚಿಕೊಂಡು ಆಕೆ,
'ಬ್ಯಾಡ. ಅವ್ನಿನ್ನೂ ಯಾರ್ಗೂ ಗುದ್ದಿಲ್ಲ,
ಭಯ ಅಂದ್ರೇನು ಅಂತ ಅವ್ನಿಗೇನು ಗೊತ್ತು?
ನೀನೇ ಬಾ' ಎಂದಳು.

ಇದನ್ನೆಲ್ಲ ಕೇಳಿ ಹುಡುಗಿ
ಸ್ವಲ್ಪ ಹೊತ್ತು ಪರದೆ ನೋಡಿದಳು.
ಆಮೇಲೆ 'ಪರಿಚಯಸ್ಥರು' ಎಂದು ಟೈಪು ಮಾಡಿದಳು.
ಹತ್ತು ರೂಪಾಯಿ ಬಿಟ್ಟು ತೆಗೆದುಕೊಂಡಳು.

ಒಳಗೆ ಗುಮಾಸ್ತರು ಎರಡು ಸಲ ಹಾಳೆ ತಿರುವಿ,
'ಬೇಕಾದಷ್ಟು ರಸ್ತೆ ಅಳೆದು ಹರಿದು ಕೊಡೋಕೆ
ಇದೇನು ಬಟ್ಟೆ ಅಂಗಡಿಯಾ?' ಎಂದರು.
ಕೆಟ್ಟ ಮನುಷ್ಯರಲ್ಲ.
ನಿಯಮದ ಪುಸ್ತಕ ತೆರೆದು ತೋರಿಸಿದರು:
ಇದೆ ಅಥವಾ ಇಲ್ಲ, ನಡುವೆ ಏನೂ ಇಲ್ಲ.
ಆದರೂ ಮೊಹರು ಒತ್ತಿ, 'ಸಾಹೇಬರು ನೋಡ್ತಾರೆ, ಹೋಗಿ' ಎಂದರು.
ತಾರೀಖು ಸೊಟ್ಟಗೆ ಬಿದ್ದ ಆ ನಕಲನ್ನು
ಲೈಸೆನ್ಸು ಇದ್ದ ಪ್ಲಾಸ್ಟಿಕ್ ಕವರಿಗೇ ಸೇರಿಸಿದೆ.
ಅಳತೆ ಸರಿಹೋಗಲಿಲ್ಲ, ನಾಲ್ಕು ಮಡಿಕೆ ಮಾಡಬೇಕಾಯಿತು.

ಟೆಂಪೊ ಹೊಂಗೆ ಮರದಡಿ ನಿಂತಿದೆ.
ಪಕ್ಕದ ಮನೆಯ ಕೋಳಿ ಕ್ಲಚ್ಚಿನ ಹತ್ತಿರ ಮೊಟ್ಟೆಯಿಡುತ್ತದೆ.
ಅದಕ್ಕೆ ಯಾರ ಅಪ್ಪಣೆಯೂ ಬೇಡ.

ಶುಕ್ರವಾರ ಬಂದೇ ಬಂತು.
ಬಸ್ಸಿನ ಮೆಟ್ಟಿಲು ಎಷ್ಟು ಎತ್ತರ ಎಂದು
ಕೆಳಗೆ ನಿಂತು ಎತ್ತಿದವನಿಗೆ ಗೊತ್ತು.
ಒಂದು ಕೈ ಕಂಬಿಗೆ, ಒಂದು ಕೈ ನನ್ನ ಹೆಗಲಿಗೆ,
ಮೂಟೆ ಹೊತ್ತ ಹೆಗಲೇ, ಆದರೂ ಬಾಗಿತು.
ಕಂಡಕ್ಟರು ಸೀಟಿ ಊದದೆ ಕಾದ.
ಆಕೆಗೆ ಸೊನ್ನೆ ಟಿಕೆಟ್ಟು, ನನ್ನದಕ್ಕೆ ದುಡ್ಡು.
ಕಿಟಕಿ ಪಕ್ಕ ಕೂತವಳು ಸೆರಗಿನಿಂದ
ಹುರಿಗಡಲೆ ಬಿಚ್ಚಿ, ಕೇಳದೆಯೇ ಕೊಟ್ಟಳು.

ಊರು ದಾಟಿದ ತಿರುವಿನಲ್ಲಿ
ಯಾರೋ ಮಂಕರಿ ಹೊತ್ತು ಅಡ್ಡ ಬಂದರು.
ನನ್ನ ಬಲಗಾಲು ತಾನಾಗಿಯೇ
ಬಸ್ಸಿನ ತಗಡನ್ನು ಒತ್ತಿಹಿಡಿಯಿತು.
ಎಲ್ಲೋ ಮುಂದೆ ಡ್ರೈವರು ಮೆಲ್ಲಗೆ ಪಕ್ಕಕ್ಕೆ ಸರಿಸಿದ.
ಮಂಕರಿ ದಾಟಿತು.

ಜವರಮ್ಮ ನನ್ನ ಪಾದವನ್ನೇ ನೋಡುತ್ತಿದ್ದಳು.
ಕಡಲೆ ಅಗಿಯುತ್ತ ಹೇಳಿದಳು:
'ಇನ್ನೊಂಚೂರು ಮುಂಚೆ ತುಳಿ.'